ಓದದೆ ಬಿಟ್ಟ ಏಳನೆಯ ಸಾಲು

ಮೈಸೂರು
ಫೆಬ್ರವರಿ 30, 2171

ಹಂಸವೇಣಿ ಅಜ್ಜಿಯವರಿಗೆ, ನಿಮ್ಮ ಮರಿಮಗಳ ಮೊಮ್ಮಗಳು ಮಂದಾಕಿನಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಇದು ಯಾರದೋ ಕುಚೋದ್ಯ ಎಂದುಕೊಂಡು ಓಲೆಯನ್ನು ಪಕ್ಕಕ್ಕಿಡಬೇಡಿ. ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ, ಹನ್ನೆರಡು ತಿಂಗಳಿಗೂ ಮೂವತ್ತೇ. ಒಂದು ತಿಂಗಳು ಇಪ್ಪತ್ತೆಂಟು ದಿನ, ಇನ್ನೊಂದು ತಿಂಗಳು ಮೂವತ್ತೊಂದು ದಿನ ಅದೇ ಸಂಬಳಕ್ಕೆ ದುಡಿಯುವುದು ಯಾವ ನ್ಯಾಯ ಎಂದು ಮನೆಗೆಲಸದವರ ಸಂಘದವರು ಪಟ್ಟು ಹಿಡಿದು ಕೂತು, ಎಂಬತ್ತು ವರ್ಷಗಳ ಹಿಂದೆ ಕ್ಯಾಲೆಂಡರನ್ನೇ ತಿದ್ದಿಸಿದರು. ಉಳಿದ ಐದು ದಿನಗಳನ್ನು ಮಾರ್ಚ್ ಮುಗಿದ ಮೇಲೆ, ಏಪ್ರಿಲ್ ಹುಟ್ಟುವ ಮುಂಚೆ ಸೇರಿಸಿದ್ದಾರೆ. ಅವಕ್ಕೆ ‘ಬಿಡುವೈದು’ ಎನ್ನುತ್ತೇವೆ. ನಾಲ್ಕು ವರ್ಷಕ್ಕೊಮ್ಮೆ ಅವು ಆರಾಗುತ್ತವೆ, ಹೆಸರು ಮಾತ್ರ ಬಿಡುವೈದೇ. ಆ ದಿನಗಳಲ್ಲಿ ಯಾರೂ ಯಾರನ್ನೂ ಮನೆಕೆಲಸಕ್ಕೆ ಕರೆಯುವಂತಿಲ್ಲ. ಮಕ್ಕಳನ್ನು ಹೆತ್ತವರೇ ನೋಡಿಕೊಳ್ಳಬೇಕು. ಅದಕ್ಕೇ ಬಿಡುವೈದರ ಮೂರನೆಯ ದಿನದ ಹೊತ್ತಿಗೆ ನಮ್ಮ ಬೀದಿಗಳಲ್ಲಿ ತಲೆ ಕೆದರಿದ ಅಪ್ಪ ಅಮ್ಮಂದಿರೇ ತುಂಬಿರುತ್ತಾರೆ.

ನನ್ನ ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿದರೆ ಕ್ಷಮಿಸಿ. ಪದಗಳು ಬದಲಾಗಿವೆ. ಅಲ್ಲಲ್ಲಿ ವಿವರಿಸುತ್ತೇನೆ. ಇದು ‘ಹಿಂದೋಲೆ’, ಅಂದರೆ ಹಿಂದಿನವರಿಗೆ ಬರೆಯುವ ಓಲೆ. ಐವತ್ತೈದು ದಾಟಿದ ಪ್ರತಿಯೊಬ್ಬರಿಗೂ ಜೀವಮಾನದಲ್ಲಿ ಒಂದು ಬರೆಯುವ ಅವಕಾಶವಿದೆ. ಅದು ನಿಮ್ಮನ್ನು ಹೇಗೆ ಮುಟ್ಟುತ್ತದೆಂದು ನನಗೆ ಗೊತ್ತಿಲ್ಲ. ಅಂಚೆಯವರಿಗೂ ಪೂರ್ತಿ ಗೊತ್ತಿಲ್ಲವೆಂಬುದು ನನ್ನ ಗುಮಾನಿ. ನಿಮ್ಮನ್ನು ಅಜ್ಜಿ ಎಂದೆನಲ್ಲ, ಇದನ್ನು ಓದುವಾಗ ನಿಮಗೆ ಮೂವತ್ತನಾಲ್ಕು, ಬರೆಯುತ್ತಿರುವ ನನಗೆ ಐವತ್ತಾರು. ಸಿಟ್ಟಾಗಬೇಡಿ. ಹೆಚ್ಚಿನವರು ಹಿಂದೋಲೆಯಲ್ಲಿ ತಮ್ಮ ಹಿರಿಯರಿಗೆ ಬುದ್ಧಿ ಹೇಳುತ್ತಾರೆ. ನಾನು ನಿಮ್ಮಲ್ಲಿ ತಪ್ಪೊಪ್ಪಿಕೊಳ್ಳಲು ಬರೆಯುತ್ತಿದ್ದೇನೆ.

ಯಾಕೆ ನಿಮಗೇ ಎಂದರೆ, ನಿಮ್ಮ ದನಿ ನನಗೆ ಗೊತ್ತು. ನೀವು ನಿಮ್ಮ ತಂಗಿಗೆ ಕಳಿಸಿದ ನಲವತ್ತೊಂದು ಸೆಕೆಂಡಿನ ಒಂದು ವಾಯ್ಸ್ ಮೆಸೇಜ್ ನಮ್ಮ ಕುಟುಂಬದಲ್ಲಿ ಉಳಿದುಬಂದಿದೆ. “ನಮ್ಮನೆ ಹುಡ್ಗಿ ತುಂಬಾ ಒಳ್ಳೇವ್ಳು ಕಣೇ, ಮಗೂನ ಚೆನ್ನಾಗ್ ನೋಡ್ಕೋತಾಳೆ. ಮನೆಯವಳ ಥರಾನೇ ಆಗ್ಬಿಟ್ಟಿದಾಳೆ. ರಜಾನೂ ಕೇಳಲ್ಲ” ಎಂದು ನೀವು ಖುಷಿಯಿಂದ ಹೇಳುತ್ತೀರಿ. ನಮ್ಮ ಶಾಲೆಗಳಲ್ಲಿ ಆರನೆಯ ತರಗತಿಗೆ ‘ಹಳೆಮನೆ ಪಾಠ’ ಇರುತ್ತದೆ. ಪ್ರತಿ ಮಗುವೂ ತನ್ನ ವಂಶದ ಹಿಂದಿನ ಕಾಲದ ಒಂದು ಸಾಕ್ಷ್ಯವನ್ನು ತಂದು ಎಲ್ಲರಿಗೂ ತೋರಿಸಬೇಕು. ನಾನು ನಿಮ್ಮ ದನಿಯನ್ನು ಒಯ್ದೆ. ಕೇಳಿಸಿದ ಮೇಲೆ ಮೇಷ್ಟ್ರು, ಆ ಹುಡುಗಿಯ ಹೆಸರೇನು ಎಂದರು. ಮೆಸೇಜಿನಲ್ಲಿ ಹೆಸರಿಲ್ಲ. ಅವರಿಗೆ ವಾರದ ರಜೆ ಇತ್ತೇ, ಪಿಂಚಣಿ ಕಟ್ಟುತ್ತಿದ್ದರೇ ಎಂದರು. ಗೊತ್ತಿಲ್ಲ. ತರಗತಿ ನಕ್ಕಿತು. ನಾನೂ ನಕ್ಕೆ, ನಗದಿದ್ದರೆ ನಿಮ್ಮ ಕಡೆಯವಳೆಂದುಕೊಳ್ಳುತ್ತಾರೆ ಎಂದು ಜೋರಾಗಿಯೇ ನಕ್ಕೆ. ಎಷ್ಟೋ ವರ್ಷ ನಿಮ್ಮ ನೆನಪಾದಾಗಲೆಲ್ಲ ನನಗೆ ನಾಚಿಕೆಯಾಗುತ್ತಿತ್ತು. ಈಗಲೂ ಆಗುತ್ತದೆ, ಆದರೆ ಕಾರಣ ನೀವಲ್ಲ.

ನೀವು ‘ಹುಡುಗಿ’ ಎಂದವರನ್ನು, ನಿಮ್ಮ ಪಕ್ಕದ ಮನೆಯವರು ‘ಆಯಾ’ ಎನ್ನುವವರನ್ನು ನಾವು ‘ಎತ್ತಾಡಿ’ ಎನ್ನುತ್ತೇವೆ. ಎತ್ತಿ ಆಡಿಸುವವರು ಎಂಬುದೇ ಬಾಯಲ್ಲಿ ಸವೆದು ಹಾಗಾಗಿದೆ. ಎತ್ತಾಡಿಯನ್ನು ಇಟ್ಟುಕೊಂಡ ಮನೆಗೆ ‘ಹೊಣೆಮನೆ’ ಎಂದು ಹೆಸರು, ಬಾಗಿಲಲ್ಲಿ ಅದರ ಬಿಲ್ಲೆ. ಹೊಣೆಮನೆಯವರು ಎತ್ತಾಡಿಯ ಪಿಂಚಣಿಗೂ ಆಸ್ಪತ್ರೆಯ ವಿಮೆಗೂ ತಮ್ಮ ಪಾಲು ಕಟ್ಟುತ್ತಾರೆ, ಹಾಗೆ ಕಟ್ಟಿದ್ದಕ್ಕೆ ಅವರ ವರಮಾನ ತೆರಿಗೆಯಲ್ಲಿ ರಿಯಾಯಿತಿ ಸಿಗುತ್ತದೆ. ಬೆಳಿಗ್ಗೆ ಎತ್ತಾಡಿ ಬಂದ ಕೂಡಲೇ ಮೊದಲು ಆಕೆ ಕುಳಿತು ತಿಂಡಿ ತಿನ್ನಬೇಕು, ಆಮೇಲೆ ಮಗು ಕೈಗೆ. ಆ ತಿಂಡಿಯನ್ನು ಸಂಬಳದಲ್ಲಿ ಹಿಡಿಯುವಂತಿಲ್ಲ. ಮಗುವಿಗೆ ಹುಷಾರಿಲ್ಲದಾಗ ಪಕ್ಕದಲ್ಲಿ ಸುಮ್ಮನೆ ಕೂತ ಹೊತ್ತೂ ಕೆಲಸದ ಹೊತ್ತೇ. ಮಕ್ಕಳು ಆಕೆಯನ್ನು ಅಕ್ಕ ಅಥವಾ ಅತ್ತೆ ಎನ್ನಬೇಕು, ಹೆಸರು ಹಿಡಿದು ಕರೆದರೆ ಬೀದಿಯವರೇ ಗದರುತ್ತಾರೆ. ಇಷ್ಟೆಲ್ಲ ಇರುವುದರಿಂದ ನಮ್ಮದು ಒಳ್ಳೆಯ ಕಾಲವೆಂದು ನಾವು ಎದೆಯುಬ್ಬಿಸಿಕೊಂಡು ಓಡಾಡುತ್ತೇವೆ.

ಈ ತೆರಿಗೆ ಮತ್ತು ಸವಲತ್ತುಗಳು ಪ್ರತಿ ವರ್ಷ ಸ್ವಲ್ಪ ಬದಲಾಗುತ್ತವೆ. ಬದಲಾದದ್ದನ್ನೆಲ್ಲ ಒಂದೇ ಹಾಳೆಯಲ್ಲಿ ಅಚ್ಚು ಹಾಕಿ ಎಲ್ಲ ಹೊಣೆಮನೆಗಳಿಗೂ ಕಳಿಸುತ್ತಾರೆ. ಅದು ‘ವರ್ಷದ ಹಾಳೆ’. ಬಿಡುವೈದು ಮುಗಿದ ಮಾರನೆಯ ದಿನ, ಏಪ್ರಿಲ್ ಒಂದಕ್ಕೆ, ಮನೆಯ ಹಿರಿಯರೊಬ್ಬರು ಅದನ್ನು ಎತ್ತಾಡಿಯ ಎದುರು ಕೂತು ಗಟ್ಟಿಯಾಗಿ ಓದಬೇಕು. ಒಂದೇ ಚಾಪೆ, ಇಬ್ಬರೂ ಒಂದೇ ಎತ್ತರ. ಅದಕ್ಕೆ ‘ಓದುದಿನ’ ಎನ್ನುತ್ತಾರೆ. ಹಿಂದೆ ಯಂತ್ರವೇ ಓದುತ್ತಿತ್ತಂತೆ. ಮನೆಯವರು ಅದನ್ನು ಹಚ್ಚಿಟ್ಟು ಪಕ್ಕದಲ್ಲಿ ಮಿಕ್ಸಿ ತಿರುಗಿಸುತ್ತಿದ್ದರಂತೆ. ಅದಕ್ಕೇ ಮನೆಯವರ ಬಾಯಿಂದಲೇ ಬರಬೇಕೆಂದು ಕಾನೂನು ಮಾಡಿದರು. ಚಾಪೆಯ ಮೇಲೆ ‘ಕಿವಿಮುದ್ರೆ’ ಎಂಬ ಚಿಕ್ಕ ಬಿಲ್ಲೆ ಇಡುತ್ತಾರೆ. ಯಾವ ಸಾಲು ಓದಿದಿರಿ ಎಂದು ಅದು ಕೇಳಿಸಿಕೊಂಡು ಗುರುತು ಹಾಕುತ್ತದೆ. ಓದಿದ ಸಾಲಿನ ಸವಲತ್ತು ಆ ಕ್ಷಣದಿಂದ ಎತ್ತಾಡಿಯದು. ಕೊನೆಗೆ ಆಕೆ ‘ಕೇಳಿದೆ’ ಎಂದು ಹೆಬ್ಬೆಟ್ಟು ಒತ್ತುತ್ತಾರೆ, ಆಮೇಲೆ ಎಲ್ಲರಿಗೂ ಪಾಯಸ.

ಆ ಹಾಳೆಯನ್ನು ಬರೆಯುವ ಕೆಲಸ ನನ್ನದಾಗಿತ್ತು ಅಜ್ಜಿ. ತೆರಿಗೆ ಇಲಾಖೆ ಐವತ್ತು ಅರವತ್ತು ಪುಟದ ಆದೇಶ ಕಳಿಸುತ್ತದೆ. ಅದನ್ನು ಮನೆಮಾತಿಗೆ ಇಳಿಸಿ ಒಂದು ಪುಟ ಮಾಡುವವರಿಗೆ ‘ಸರಳಗಾರರು’ ಎಂದು ಹೆಸರು. ನಾವು ಮೂರು ಜನ ಇದ್ದೆವು. ಒಲೆಯ ಮೇಲೆ ಇಟ್ಟ ಅನ್ನ ಆಗುವಷ್ಟರಲ್ಲಿ ಓದಿ ಮುಗಿಯಬೇಕೆಂಬುದು ನಮ್ಮ ಲೆಕ್ಕ. ಬರೆದಾದ ಮೇಲೆ ಹತ್ತು ಮಂದಿ ಎತ್ತಾಡಿಗಳನ್ನು ಕರೆಸಿ ಓದಿ ತೋರಿಸಿ, ಅರ್ಥವಾಯಿತೇ ಎಂದು ಕೇಳಿ, ಆಮೇಲೇ ಅಚ್ಚಿಗೆ ಕೊಡುತ್ತಿದ್ದೆವು. ಹಾಳೆ ಉದ್ದವಾಗುತ್ತಿದೆ ಎಂಬ ದೂರು ಬಂದಾಗ ಒಂದು ಉಪಾಯ ಹೇಳಿದವಳೂ ನಾನೇ. ಅವಳಿ ಮಕ್ಕಳಿಲ್ಲದ ಮನೆಯಲ್ಲಿ ಅವಳಿ ಮಕ್ಕಳ ಸಾಲನ್ನು ಯಾಕೆ ಓದಬೇಕು? ತಮ್ಮ ಮನೆಗೆ ಅನ್ವಯಿಸದ ಸಾಲನ್ನು ಓದುವವರು ಬಿಡಬಹುದು ಎಂದೆ. ಎಲ್ಲರೂ ಭೇಷ್ ಎಂದರು. ಯಾವುದು ಅನ್ವಯಿಸುತ್ತದೆ, ಯಾವುದು ಇಲ್ಲ ಎಂದು ತೀರ್ಮಾನಿಸುವವರು ಓದುವವರೇ ಆದರಲ್ಲ ಎಂದು ಯಾರೂ ಕೇಳಲಿಲ್ಲ.

ನಮ್ಮ ಮನೆಯ ಎತ್ತಾಡಿ ರಾಜಮಣಕ್ಕ. ಯಳಂದೂರಿನವರು, ನನಗಿಂತ ಹದಿನೈದು ವರ್ಷ ದೊಡ್ಡವರು. ನಮ್ಮ ಇಳಾ ಹುಟ್ಟಿದ ಇಪ್ಪತ್ತೊಂದನೆಯ ದಿನಕ್ಕೆ ಬಂದರು. ಅದಕ್ಕೂ ಮುಂಚೆ ಬೇರೆ ಎರಡು ಮನೆಗಳಲ್ಲಿ ಮಕ್ಕಳನ್ನು ನೋಡಿಕೊಂಡಿದ್ದರು. ನನ್ನ ಗಂಡ ಆಗ ಕಾರವಾರದಲ್ಲಿ ಸಮುದ್ರಗೋಡೆ ಕಟ್ಟುವ ಕೆಲಸದಲ್ಲಿದ್ದರು, ತಿಂಗಳಿಗೊಮ್ಮೆ ಬರುತ್ತಿದ್ದರು. ಮನೆ ನಡೆಯುತ್ತಿದ್ದದ್ದು ರಾಜಮಣಕ್ಕನಿಂದ. ಅವರ ತೋಳಿನಲ್ಲಲ್ಲದೆ ಇಳಾ ನಿದ್ದೆ ಮಾಡುತ್ತಿರಲಿಲ್ಲ. ಅವರಿಗೆ ಜ್ವರ ಬಂದು ಒಂದು ದಿನ ಬದಲಿ ಎತ್ತಾಡಿ ಬಂದಾಗ ಇಳಾ ಸಂಜೆವರೆಗೂ ಅತ್ತು ಅತ್ತು ದನಿ ಕಳೆದುಕೊಂಡಿದ್ದಳು. ರಾಜಮಣಕ್ಕ ನನ್ನನ್ನು ‘ಅವ್ವಾ’ ಎನ್ನುತ್ತಿದ್ದರು, ಆ ಕಡೆಯ ಹಿರಿಯರು ಕಿರಿಯರನ್ನು ಪ್ರೀತಿಯಿಂದ ಕರೆಯುವ ಹಾಗೆ.

2148ರ ಮಾರ್ಚ್. ಇಳಾಗೆ ನಾಲ್ಕೂವರೆ ವರ್ಷ. ಯಳಂದೂರಿನಲ್ಲಿ ರಾಜಮಣಕ್ಕನ ತಾಯಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಮಲಗಿದ್ದರು. ಪಕ್ಕದ ಮನೆಯವರು ಊಟ ಕೊಡುತ್ತಿದ್ದರು. ರಾಜಮಣಕ್ಕ ವಾರದ ರಜೆಯಲ್ಲಿ ಬೆಳಿಗ್ಗೆ ಹೋಗಿ ತಾಯಿಗೆ ಮೈ ತೊಳೆದು ಸಂಜೆಗೆ ಬರುತ್ತಿದ್ದರು. ಅದೇ ವರ್ಷದ ಆದೇಶದಲ್ಲಿ ಒಂದು ಹೊಸ ಸವಲತ್ತು ಬಂತು. ಆರು ವರ್ಷ ಬೇರೆಯವರ ಮಕ್ಕಳನ್ನು ನೋಡಿಕೊಂಡ ಎತ್ತಾಡಿಗೆ ತನ್ನ ತಾಯಿ, ತಂದೆ ಅಥವಾ ಮಕ್ಕಳನ್ನು ನೋಡಿಕೊಳ್ಳಲು ನಲವತ್ತು ದಿನ ಸಂಬಳದ ರಜೆ. ಸಂಬಳ ಸರ್ಕಾರದ್ದು, ಬದಲಿ ಎತ್ತಾಡಿಯೂ ಸರ್ಕಾರದ್ದು, ರಜೆ ಕೊಟ್ಟ ಮನೆಗೆ ಆ ವರ್ಷದ ತೆರಿಗೆಯಲ್ಲಿ ರಿಯಾಯಿತಿ ಬೇರೆ. ಆದೇಶದಲ್ಲಿ ಅದು ಎರಡು ಪುಟ ಇತ್ತು. ನಾನು ಒಂದು ಸಾಲು ಮಾಡಿದೆ: ‘ನಮ್ಮ ಮಗುವನ್ನು ನೋಡಿಕೊಂಡ ನೀವು ನಿಮ್ಮವರನ್ನು ನೋಡಿಕೊಳ್ಳಲು ನಲವತ್ತು ದಿನ ಮನೆಗೆ ಹೋಗಿಬನ್ನಿ.’ ಅದಕ್ಕೆ ‘ತನ್ನವರ ರಜೆ’ ಎಂದು ಹೆಸರಿಟ್ಟವಳೂ ನಾನೇ. ಬರೆಯುವಾಗ ಕಣ್ಣ ಮುಂದೆ ಇದ್ದದ್ದು ರಾಜಮಣಕ್ಕ. ಬರೆದು ಕಣ್ಣೊರೆಸಿಕೊಂಡೆ. ಹಾಳೆಯಲ್ಲಿ ಅದು ಏಳನೆಯ ಸಾಲು.

ಆ ಸಲದ ಬಿಡುವೈದರಲ್ಲಿ ರಾಜಮಣಕ್ಕ ಊರಿಗೆ ಹೋದರು, ನಾನು ಇಳಾಳನ್ನು ಒಬ್ಬಳೇ ನೋಡಿಕೊಂಡೆ. ಗಂಡ ಬರಲಾಗಲಿಲ್ಲ. ಆ ವರ್ಷ ಬಿಡುವೈದು ಆರಾಗಿತ್ತು. ಆರೂ ದಿನ ಅವಳು ನನ್ನ ಕೈಯಲ್ಲಿ ಸರಿಯಾಗಿ ಉಣ್ಣಲಿಲ್ಲ, ರಾತ್ರಿಯೆಲ್ಲ ‘ರಾಜತ್ತೆ’ ಎಂದು ಹಟ ಹಿಡಿದಳು. ನಾಲ್ಕನೆಯ ದಿನ ನಾನು ಅವಳಿಗೆ ಹೊಡೆದೆ. ನಮ್ಮ ಕಾಲದಲ್ಲಿ ಅದೂ ಹೇಳಿಕೊಳ್ಳುವ ವಿಷಯವಲ್ಲ. ಆರು ದಿನಕ್ಕೇ ಹೀಗಾದರೆ ನಲವತ್ತು ದಿನ ಹೇಗೆ ಎಂಬ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಮೇ ತಿಂಗಳಲ್ಲಿ ನನ್ನನ್ನು ಸರಳಗಾರರ ಮುಖ್ಯಸ್ಥೆ ಮಾಡುವುದಿತ್ತು, ಅದರ ಸಂದರ್ಶನಕ್ಕೆ ಓದಿಕೊಳ್ಳಬೇಕಿತ್ತು. ಇವೆಲ್ಲ ಕಾರಣಗಳು ನಿಜವೇ. ಆದರೆ ಯಾವುದೂ ಸಾಲದು. ಇದನ್ನು ತಿಳಿಯಲು ನನಗೆ ವರ್ಷಗಳು ಬೇಕಾಗಲಿಲ್ಲ ಅಜ್ಜಿ, ಅವತ್ತೇ ತಿಳಿದಿತ್ತು.

ಓದುದಿನ ಬೆಳಿಗ್ಗೆ ಚಾಪೆ ಹಾಸಿದೆವು. ಇಳಾ ರಾಜಮಣಕ್ಕನ ತೊಡೆಯ ಮೇಲೆ ಕೂತಳು. ನಾನು ಒಂದರಿಂದ ಆರರವರೆಗೆ ಓದಿದೆ: ಪಿಂಚಣಿಯ ಮನೆಪಾಲು ಏರಿದ್ದು, ವಿಮೆಗೆ ಹಲ್ಲಿನ ಚಿಕಿತ್ಸೆ ಸೇರಿದ್ದು, ಇನ್ನೂ ಏನೇನೋ. ಏಳನೆಯದಕ್ಕೆ ಬಂದಾಗ ಕಣ್ಣು ತಾನಾಗಿ ಕೆಳಗೆ ಜಾರಿತು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೆ. ಜಾರಲಿಲ್ಲ. ನಾನೇ ಜಾರಿಸಿದೆ. ಎಂಟನೆಯದನ್ನು ಒಂದು ಚೂರೂ ತಡವರಿಸದೆ ಓದಿದೆ. ಓದಿ ಮುಗಿದ ಮೇಲೆ ರಾಜಮಣಕ್ಕ, “ಅಷ್ಟೇನಾ ಅವ್ವಾ?” ಎಂದರು. “ಅಷ್ಟೇ ರಾಜಮಣಕ್ಕ” ಎಂದೆ. ಅವರು ತಲೆ ಬಗ್ಗಿಸಿ ಇಳಾಳ ಕೂದಲಲ್ಲಿ ಸಿಕ್ಕು ಬಿಡಿಸುತ್ತ, “ಕೇಳ್ದೆ” ಎಂದು ಹೆಬ್ಬೆಟ್ಟು ಒತ್ತಿದರು. ಕಿವಿಮುದ್ರೆ ಏಳನೆಯ ಸಾಲಿನ ಎದುರು ‘ಈ ಮನೆಗೆ ಅನ್ವಯಿಸದು’ ಎಂದು ಬರೆದುಕೊಂಡಿತು.

ಒಂದು ವಾರ ಬಿಟ್ಟು ಹೇಳೋಣ, ಸಂದರ್ಶನ ಮುಗಿಯಲಿ, ಮಳೆ ನಿಲ್ಲಲಿ ಎಂದು ದಿನ ತಳ್ಳಿದೆ. ಹುದ್ದೆ ಸಿಕ್ಕಿತು. ಸೆಪ್ಟೆಂಬರಿನಲ್ಲಿ ರಾಜಮಣಕ್ಕನ ತಾಯಿ ತೀರಿಕೊಂಡರು, ಮಂಗಳವಾರ ಮಧ್ಯಾಹ್ನ, ಪಕ್ಕದ ಮನೆಯವರು ಊಟ ಇಟ್ಟು ಹೋದ ಮೇಲೆ, ಒಬ್ಬರೇ ಇದ್ದಾಗ. ರಾಜಮಣಕ್ಕ ಆಗ ನಮ್ಮ ಮನೆಯಲ್ಲಿ ಇಳಾಗೆ ಅನ್ನ ಕಲಸುತ್ತಿದ್ದರು. ಹದಿಮೂರು ದಿನ ಕಳೆದು ಬಂದವರು ಎಂದಿನ ಹಾಗೆ ಕೆಲಸಕ್ಕೆ ನಿಂತರು. ಹೊಸ ಸವಲತ್ತನ್ನು ಎರಡು ವರ್ಷ ಅಚ್ಚು ಹಾಕುವ ರೂಢಿ, ಹಾಗಾಗಿ ಮರುವರ್ಷದ ಹಾಳೆಯಲ್ಲೂ ಆ ಸಾಲು ಇತ್ತು. ಮುಂದೆ ಹೇಳುವುದು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. ಆ ವರ್ಷ ನಾನು ಅದನ್ನು ಗಟ್ಟಿಯಾಗಿ, ಸ್ಪಷ್ಟವಾಗಿ ಓದಿದೆ. ತಾಯಿ ಇರಲಿಲ್ಲ, ಅವರಿಗೆ ತಂದೆಯೂ ಮಕ್ಕಳೂ ಇರಲಿಲ್ಲ. ಓದಿದರೆ ನನಗೇನೂ ತೊಂದರೆಯಿರಲಿಲ್ಲ. ರಾಜಮಣಕ್ಕ ಆಗಲೂ “ಕೇಳ್ದೆ” ಎಂದರು. ಇಳಾಗೆ ಹತ್ತು ತುಂಬುವವರೆಗೂ ನಮ್ಮಲ್ಲಿದ್ದು ಊರಿಗೆ ಹೋದರು. ಅವರು ಹೋಗುವಾಗ ನಾನು ಕಣ್ಣೀರಿಟ್ಟೆ, ಜನ ನನ್ನ ಮೃದು ಮನಸ್ಸನ್ನು ಕೊಂಡಾಡಿದರು.

ಈಗ ಇಳಾ ಏಳು ತಿಂಗಳ ಬಸುರಿ. ಹೋದ ತಿಂಗಳು ಸೀಮಂತಕ್ಕೆ ಕರೆಯಲು ನಾನೊಬ್ಬಳೇ ಯಳಂದೂರಿಗೆ ಹೋದೆ. ರಾಜಮಣಕ್ಕನಿಗೆ ಎಪ್ಪತ್ತೊಂದು. ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಾನೂ ಪಕ್ಕದಲ್ಲಿ ಕೂತು ಸುಲಿಯುತ್ತ, ಇಪ್ಪತ್ತಮೂರು ವರ್ಷದಿಂದ ಗಂಟಲಲ್ಲಿ ಇಟ್ಟುಕೊಂಡದ್ದನ್ನು ಹೇಳಿದೆ. ಅವರು ಕೈ ನಿಲ್ಲಿಸಲಿಲ್ಲ.

“ನಂಗ್ ಗೊತ್ತಿತ್ತು ಕನವ್ವ” ಎಂದರು. “ನೀವು ಹತ್ ಜನಕ್ಕೆ ಓದಿ ತೋರ್ಸ್ತಿದ್ರಲ್ಲ, ಅವ್ರು ಬಂದು ಪಾರ್ಕಲ್ಲಿ ಎಲ್ರಿಗೂ ಏಳೋರು. ಆಳೆ ಬರಾಕ್ ಮುಂಚೇನೇ ನಮ್ಗೆಲ್ಲ ಬಾಯ್ಪಾಠ.”

ಅಜ್ಜಿ, ಹಾಳೆಯನ್ನು ಬರೆದ ನನಗೆ ಇಷ್ಟು ಹೊಳೆದಿರಲಿಲ್ಲ. ಓದುದಿನ ಇರುವುದು ಅವರಿಗೆ ತಿಳಿಸುವುದಕ್ಕೆ ಎಂದು ನಾವು ಮನೆಯವರು ನಂಬಿದ್ದೆವು. ಅವರು ಪ್ರತಿ ವರ್ಷ ಚಾಪೆಯ ಮೇಲೆ ಕೂರುತ್ತಿದ್ದದ್ದು ನಾವು ಹೇಳುತ್ತೇವೋ ಇಲ್ಲವೋ ನೋಡಲು. ಹಾಗಾದರೆ ಯಾಕೆ ದೂರು ಕೊಡಲಿಲ್ಲ ಎಂದು ಕೇಳಿದೆ. ಕೇಳಿದ ಮೇಲೆ ನನಗೇ ನೆನಪಾಯಿತು. ದೂರು ಕೊಟ್ಟ ಎತ್ತಾಡಿಯನ್ನು ಆಕೆಯ ರಕ್ಷಣೆಗೆಂದು ಮೂರು ದಿನದೊಳಗೆ ಬೇರೆ ಮನೆಗೆ ಕಳಿಸುತ್ತಾರೆ, ಒಂದು ವರ್ಷ ಆ ಮಗುವಿನ ಮುಖ ನೋಡುವಂತಿಲ್ಲ. ರಾಜಮಣಕ್ಕ, “ಮಗೀನ ಬುಟ್ಟು ಎಂಗೆ ಇರಾದು?” ಎಂದಷ್ಟೇ ಅಂದರು.

ಆಮೇಲೆ ಅವರು ಹೇಳಿದ್ದು ನಾನು ಕೇಳದಿದ್ದ ವಿಷಯ. ಆ ಬಿಡುವೈದರಲ್ಲಿ ಊರಿಗೆ ಬಂದಾಗ ತಾಯಿಗೆ ಹೇಳಿಬಿಟ್ಟಿದ್ದರಂತೆ, ಇನ್ನೆರಡು ದಿನಕ್ಕೆ ಮತ್ತೆ ಬರುತ್ತೇನೆ, ನಲವತ್ತು ದಿನ ಇರುತ್ತೇನೆ ಎಂದು. ಹೊತ್ತು ತರುವುದೇಕೆಂದು ತಮ್ಮ ನಾಲ್ಕು ಸೀರೆಗಳನ್ನೂ ಅಲ್ಲೇ ಬಿಟ್ಟು ಬಂದಿದ್ದರಂತೆ. ಆ ಮುದುಕಿ ಮಲಗಿದಲ್ಲಿಂದಲೇ ಪಕ್ಕದ ಮನೆಯವರಿಗೆ, ನಾಳೆಯಿಂದ ಊಟ ಬೇಡ, ಮಗಳು ಬರುತ್ತಾಳೆ ಎಂದು ಹೇಳಿ ಕಳಿಸಿದ್ದರಂತೆ. ಮಗಳು ಬರಲಿಲ್ಲ. ಮುಂದಿನ ವಾರದ ರಜೆಗೆ ಹೋದಾಗ ತಾಯಿ, ಯಾಕವ್ವಾ ಬರಲಿಲ್ಲ ಎಂದು ಕೇಳಿದರಂತೆ.

“ಏನಂದ್ರಿ?” ಎಂದೆ.

“ಮಗೀಗೆ ಜ್ವರ ಅಂದೆ. ಸಾಯೋವರ್ಗೂ ಅದ್ನೇ ಕೇಳೋಳು, ಮಗೀಗೆ ಜ್ವರ ಬುಡ್ತಾ ಅಂತ. ಅವ್ಳು ನಿಮ್ ಮ್ಯಾಲೆ ಬೇಜಾರ್ ಮಾಡ್ಕಂಡ್ ಓಗ್ಬಾರ್ದಲ್ಲ.”

ಅವರು ನನ್ನನ್ನು ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಬೈಯಲಿಲ್ಲ. ಸೀಮಂತಕ್ಕೆ ಬರುತ್ತೇನೆ ಎಂದರು, ಸುಲಿದ ಅವರೆಕಾಳನ್ನು ಕಟ್ಟಿಕೊಟ್ಟರು. ಬಸ್ಸಿನಲ್ಲಿ ಆ ಗಂಟನ್ನು ಮಡಿಲಲ್ಲಿಟ್ಟುಕೊಂಡು ಬರುವಾಗ ನಿಮ್ಮ ಮೇಲೆ ಜೋರಾಗಿ ನಕ್ಕ ಹನ್ನೊಂದು ವರ್ಷದ ಹುಡುಗಿ ನೆನಪಾದಳು. ನೀವು ಗೊತ್ತಿಲ್ಲದೆ ಮಾಡಿದಿರಿ. ನಿಮ್ಮ ಮುಂದೆ ಹಾಳೆ ಇರಲಿಲ್ಲ, ನನ್ನ ಹಾಗೆ ಅದನ್ನು ಬರೆದು ಕಣ್ಣೊರೆಸಿಕೊಂಡವರೂ ನೀವಲ್ಲ. ಆ ನಗುವಿಗೆ ನನ್ನನ್ನು ಕ್ಷಮಿಸಿ. ನಿಮ್ಮಲ್ಲಿ ಒಂದೇ ಬೇಡಿಕೆ. ರಜೆ ಕೇಳದವರಿಗೆ ರಜೆ ಬೇಡವೆಂದು ತಿಳಿಯಬೇಡಿ. ಅವರು ನಿಮ್ಮ ಬಾಯಿಂದ ಬರಲಿ ಎಂದು ಕಾಯುತ್ತಿರಬಹುದು. ಅವರ ತಾಯಿ ಎಲ್ಲಿದ್ದಾರೆ, ಹೇಗಿದ್ದಾರೆ ಎಂದು ಇವತ್ತೇ ಕೇಳಿ, ಹೋಗಿಬಾ ಎಂದು ನೀವಾಗಿಯೇ ಹೇಳಿ.

ಈ ಏಪ್ರಿಲ್ ಒಂದಕ್ಕೆ ಇಳಾಳ ಮನೆಯಲ್ಲಿ ಮೊದಲ ಓದುದಿನ. ಹೆರಿಗೆಗೆ ಮೊದಲೇ ಎತ್ತಾಡಿಯನ್ನು ಗೊತ್ತುಮಾಡಿದ್ದಾಳೆ. ಹೇಗೆ ಓದಬೇಕೆಂದು ಹೇಳಿಕೊಡಮ್ಮಾ ಎಂದು ನಿನ್ನೆ ಬಂದಿದ್ದಳು. ಹೇಳಿಕೊಡುವ ಬದಲು ನಡೆದದ್ದನ್ನೆಲ್ಲ ಹೇಳಿದೆ. ಬೈಯಬಹುದು, ಎದ್ದು ಹೋಗಬಹುದು ಎಂದುಕೊಂಡಿದ್ದೆ. ಅವಳು ಚಿಕ್ಕ ದನಿಯಲ್ಲಿ ಒಂದೇ ಒಂದು ಪ್ರಶ್ನೆ ಕೇಳಿದಳು.

“ನಂಗೆ ಜ್ವರ ಇತ್ತಾ ಅಮ್ಮಾ ಆವಾಗ? ಒಂದಿನನಾದ್ರೂ?”

ಇರಲಿಲ್ಲ ಅಜ್ಜಿ. ಆ ವರ್ಷವಿಡೀ ಅವಳು ಗಟ್ಟಿಮುಟ್ಟಾಗಿದ್ದಳು. ಅದನ್ನೇ ಹೇಳಿದೆ.

ಇಂತು,
ನಾಚಿಕೆಯಿಂದ,
ನಿಮ್ಮ ಮಂದಾಕಿನಿ